ಗೋಡೆಯ ಅಳತೆ, ಹೊಟ್ಟೆಯ ಲೆಕ್ಕ: ಶಾಲೆಗೆ ಹೋಗುವ ಮಕ್ಕಳ ಬೆಳವಣಿಗೆಯನ್ನು ಮನೆಯಲ್ಲೇ ಗಮನಿಸುವುದು ಹೇಗೆ

ತಿಪಟೂರಿನ ಸುತ್ತಮುತ್ತಲ ಶಾಲೆಗಳಲ್ಲಿ ನಾನು ಮೂವತ್ತೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದೆ. ಊರಿನವರ ಬಾಯಲ್ಲಿ ಈಗಲೂ ಪಿ.ಟಿ. ಮೇಷ್ಟ್ರು. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಎಲ್ಲ ಮಕ್ಕಳ ಎತ್ತರ, ತೂಕ ಬರೆದಿಡುವುದು ನನ್ನ ಪಾಲಿಗೆ ಬಂದ ಕೆಲಸ. ಒಂದು ಶಾಲೆಯಲ್ಲಿ ಒಂದು ಬೇಸಿಗೆ ರಜೆ ಕಳೆದು ಬಂದ ಮಕ್ಕಳೆಲ್ಲ, ಆರನೇ ತರಗತಿಯ ಪುಟಾಣಿಯಿಂದ ಹತ್ತನೆಯ ಗಡ್ಡ ಚಿಗುರಿದವನವರೆಗೆ, ಮಾಮೂಲಿಗಿಂತ ಮೂರು ಸೆಂಟಿಮೀಟರ್ ಹೆಚ್ಚು ಬೆಳೆದಿದ್ದರು. ಮುಖ್ಯೋಪಾಧ್ಯಾಯರು ಬಿಸಿಯೂಟದ ಮಹಿಮೆ ಎಂದು ಸಂತೋಷಪಟ್ಟರು. ನಾನೂ ಎರಡು ದಿನ ಹಾಗೇ ನಂಬಿದ್ದೆ. ಆಮೇಲೆ ಟೇಪು ಹಿಡಿದು ನೋಡಿದರೆ, ರಜೆಯಲ್ಲಿ ನೆಲಕ್ಕೆ ಟೈಲ್ಸ್ ಹಾಕಿಸಿದ್ದರು. ನೆಲ ಮೂರು ಸೆಂಟಿಮೀಟರ್ ಮೇಲೆ ಬಂದಿತ್ತು. ಗೋಡೆಗೆ ಬಣ್ಣದಲ್ಲಿ ಬರೆದ ಅಳತೆಪಟ್ಟಿ ಮಾತ್ರ ಹಳೆಯ ನೆಲದಿಂದಲೇ ಎಣಿಸುತ್ತಿತ್ತು.

ಇದನ್ನು ಮೊದಲು ಹೇಳಲು ಕಾರಣವಿದೆ. ಕರುಳಿನ ಬ್ಯಾಕ್ಟೀರಿಯಾಕ್ಕೂ ಮಕ್ಕಳ ಬೆಳವಣಿಗೆಗೂ ನಂಟಿದೆ ಎಂದು ಈಗ ಎಲ್ಲರೂ ಮಾತನಾಡುತ್ತಾರೆ. ನಂಟು ಇರುವುದು ನಿಜ. ಆದರೆ ಬಂದು ಕೇಳುವವರಲ್ಲಿ ಹತ್ತಕ್ಕೆ ಎಂಟು ಮಂದಿಯ ಹತ್ತಿರ ಮಗುವಿನ ಎತ್ತರದ ಒಂದೇ ಒಂದು ಸರಿಯಾದ ಲೆಕ್ಕ ಇರುವುದಿಲ್ಲ. ‘ಮೇಷ್ಟ್ರೇ, ನಮ್ಮ ಹುಡುಗ ಬೆಳೆಯುತ್ತಲೇ ಇಲ್ಲ, ಯಾವ ಪೌಡರ್ ಕೊಡಬೇಕು?’ ಎನ್ನುತ್ತಾರೆ. ಹೋದ ವರ್ಷ ಎಷ್ಟಿದ್ದ ಎಂದರೆ ‘ಇಷ್ಟಿದ್ದ’ ಎಂದು ಎದೆಯ ಹತ್ತಿರ ಕೈ ಹಿಡಿದು ತೋರಿಸುತ್ತಾರೆ.

ಹಾಗಾಗಿ ಮೊದಲು ಅಳತೆ. ಹೊಟ್ಟೆಯ ವಿಷಯ ಆಮೇಲೆ.

ಅಳೆಯುವುದು

ಮಗುವನ್ನು ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ನಿಲ್ಲಿಸಿ. ಚಾಪೆ, ಜಮಖಾನ ಬೇಡ. ಗೋಡೆಯ ಬುಡದಲ್ಲಿ ಟೈಲ್ಸಿನ ಪಟ್ಟಿ ಮುಂದಕ್ಕೆ ಚಾಚಿದ್ದರೆ ಆ ಗೋಡೆ ಬಿಟ್ಟು ಬಾಗಿಲಿನ ಚೌಕಟ್ಟನ್ನು ಹಿಡಿಯಿರಿ. ಹಿಮ್ಮಡಿ, ಕುಂಡಿ, ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಿರಬೇಕು. ಕಣ್ಣಿನ ಕುಳಿಯ ಕೆಳ ಅಂಚು ಮತ್ತು ಕಿವಿಯ ತೂತು ಒಂದೇ ಮಟ್ಟದಲ್ಲಿರಬೇಕು. ಮಕ್ಕಳು ಉದ್ದ ಕಾಣಲೆಂದು ಗದ್ದ ಎತ್ತುತ್ತಾರೆ, ಅದರಿಂದ ನೆತ್ತಿ ಹಿಂದಕ್ಕೆ ವಾಲಿ ಅಳತೆ ಕಡಿಮೆಯೇ ಬರುತ್ತದೆ. ಹೆಣ್ಣುಮಕ್ಕಳ ಜಡೆ, ತುರುಬು ಬಿಚ್ಚಿಸಿ. ತಲೆಯ ಮೇಲೆ ಇಡುವುದಕ್ಕೆ ಸ್ಕೇಲು ಸಾಲದು, ಅದು ವಾಲುತ್ತದೆ. ದಪ್ಪ ರಟ್ಟಿನ ಪುಸ್ತಕವೊಂದರ ಒಂದು ಅಂಚನ್ನು ಗೋಡೆಗೆ ಪೂರ್ತಿ ಒತ್ತಿ, ಕೂದಲು ಅಮುಕುವ ಹಾಗೆ ಇಳಿಸಿ. ಪುಸ್ತಕದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಮಗುವನ್ನು ಪಕ್ಕಕ್ಕೆ ಕಳಿಸಿ, ಮತ್ತೆ ಕರೆದು, ಹೀಗೆ ಮೂರು ಸಲ. ಮೂರರ ನಡುವಿನದನ್ನು ಬರೆದುಕೊಳ್ಳಿ. ಟೇಪು ಹೊಲಿಗೆಯವರದ್ದಾಗದೆ ಗಾರೆಯವರ ಉಕ್ಕಿನ ಟೇಪಾಗಿರಲಿ. ಬಟ್ಟೆಯದು ಎಳೆದೆಳೆದು ಉದ್ದವಾಗಿರುತ್ತದೆ.

ಹೊತ್ತು ಮುಖ್ಯ. ಬೆಳಿಗ್ಗೆ ಎದ್ದಾಗಿನ ಎತ್ತರ ಸಂಜೆಗೆ ಉಳಿಯುವುದಿಲ್ಲ. ಇಡೀ ದಿನ ನಿಂತು ಓಡಾಡಿ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅಮುಕಿ, ಒಂದು ಸೆಂಟಿಮೀಟರ್‌ನಷ್ಟು ಕಡಿಮೆಯಾಗಬಹುದು. ಬೆಳಿಗ್ಗೆ ಎಂದರೆ ಯಾವಾಗಲೂ ಬೆಳಿಗ್ಗೆ.

ತಿಂಗಳಿಗೊಮ್ಮೆ ಅಳೆಯಬೇಡಿ. ಐದು ವರ್ಷದ ನಂತರ ಪ್ರೌಢಾವಸ್ಥೆ ಶುರುವಾಗುವವರೆಗೆ ಮಗು ವರ್ಷಕ್ಕೆ ಸುಮಾರು ಐದರಿಂದ ಆರು ಸೆಂಟಿಮೀಟರ್ ಬೆಳೆಯುತ್ತದೆ. ತಿಂಗಳಿಗೆ ಹೆಚ್ಚೆಂದರೆ ಅರ್ಧ ಸೆಂಟಿಮೀಟರ್. ಪಳಗಿದ ನನ್ನ ಕೈಯ ತಪ್ಪೇ ಅರ್ಧ ಸೆಂಟಿಮೀಟರ್ ಇದೆ. ಹಾಗಿರುವಾಗ ತಿಂಗಳ ಲೆಕ್ಕದಲ್ಲಿ ಮಗುವಿನ ಬೆಳವಣಿಗೆ ಎಷ್ಟು, ನಿಮ್ಮ ಕೈನಡುಕ ಎಷ್ಟು ಎಂದು ಯಾರು ಹೇಳಬೇಕು? ಹುಟ್ಟುಹಬ್ಬಕ್ಕೊಮ್ಮೆ, ಅಲ್ಲಿಂದ ಆರು ತಿಂಗಳಿಗೊಮ್ಮೆ ಸಾಕು. ಪುಸ್ತಕದಲ್ಲಿ ತಾರೀಖು, ಹೊತ್ತು, ಎತ್ತರ, ತೂಕ, ಆ ಆರು ತಿಂಗಳಲ್ಲಿ ಬಂದ ಕಾಯಿಲೆ, ತೆಗೆದುಕೊಂಡ ಔಷಧಿ, ಇಷ್ಟನ್ನು ಬರೆಯಿರಿ. ಕಾಯಿಲೆ, ಔಷಧಿಯ ಕಾಲಮ್ಮನ್ನು ನಾನು ನಿವೃತ್ತನಾದ ಮೇಲೆ ಸೇರಿಸಿದೆ. ಸೇವೆಯಲ್ಲಿದ್ದಾಗಲೇ ಸೇರಿಸಬೇಕಿತ್ತು.

ಬರೆದದ್ದನ್ನು ಹೋಲಿಸಿ ನೋಡುವುದಕ್ಕೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ತಂದ, 5ರಿಂದ 18 ವರ್ಷದವರ ಬೆಳವಣಿಗೆಯ ನಕ್ಷೆ ಇದೆ; ಮಕ್ಕಳ ವೈದ್ಯರ ಬಳಿ ಕೇಳಿದರೆ ಸಿಗುತ್ತದೆ. ಹುಡುಗರಿಗೊಂದು, ಹುಡುಗಿಯರಿಗೊಂದು. ಅದರಲ್ಲಿ 3, 10, 25, 50, 75, 90, 97 ಎಂದು ಏಳು ಗೆರೆಗಳಿವೆ. 25 ಎಂದರೆ ಅದೇ ವಯಸ್ಸಿನ ನೂರು ಮಕ್ಕಳನ್ನು ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ನಿಲ್ಲಿಸಿದರೆ ಇಪ್ಪತ್ತೈದನೆಯ ಜಾಗ, ಅಷ್ಟೇ. ಪರೀಕ್ಷೆಯ ಅಂಕ ಅಲ್ಲ. 10ರ ಗೆರೆಯ ಮೇಲೆ ವರ್ಷ ವರ್ಷವೂ ನೆಟ್ಟಗೆ ನಡೆಯುವ ಮಗುವಿನ ಬಗ್ಗೆ ನನಗೆ ಚಿಂತೆಯಿಲ್ಲ. 75ರಲ್ಲಿದ್ದು ಎರಡು ವರ್ಷದಲ್ಲಿ 25ಕ್ಕೆ ಜಾರಿದವನು, ಕಣ್ಣಿಗೆ ಸರಾಸರಿ ಕಂಡರೂ, ಚಿಂತೆಯ ಮಗು.

ಅಪ್ಪ ಅಮ್ಮನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡನ್ನೂ ಕೂಡಿ, ಗಂಡುಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಿ. ಅಪ್ಪ 168, ಅಮ್ಮ 154 ಎಂದಿಟ್ಟುಕೊಂಡರೆ ಮಗ ದೊಡ್ಡವನಾದಾಗ ಸುಮಾರು 167.5, ಮಗಳು 154.5. ಎಂಟು ಸೆಂಟಿಮೀಟರ್ ಅತ್ತಿತ್ತ. ಆ ಮನೆಯ ಹುಡುಗನನ್ನು ಆರಡಿ ಮಾಡುವ ಅಂಬಲಿಯೂ ಇಲ್ಲ, ಡಬ್ಬಿಯೂ ಇಲ್ಲ.

ಹೊಟ್ಟೆ ಇದರಲ್ಲಿ ಎಲ್ಲಿ ಬಂತು

ನನಗೆ ಇದರ ಬಗ್ಗೆ ಕುತೂಹಲ ಹುಟ್ಟಿದ್ದು ಮೊಮ್ಮಗನಿಂದ. ಒಂಬತ್ತು ತುಂಬಿದ ದಿನ 126.4 ಇದ್ದ. ಹತ್ತು ತುಂಬಿದ ದಿನ 129.2. ವರ್ಷಕ್ಕೆ 2.8 ಸೆಂಟಿಮೀಟರ್! ಮೂರು ಸಲ ಅಲ್ಲ, ಆರು ಸಲ ಅಳೆದೆ. 25ರ ಗೆರೆಯ ಮೇಲಿದ್ದವನು ಕೆಳಗಿಳಿದಿದ್ದ. ಮಗಳು ಬೆಂಗಳೂರಿನಿಂದ ಕಾಯಿಲೆಯ ಚೀಟಿಗಳನ್ನು ತಂದು ಮೇಜಿನ ಮೇಲೆ ಹರಡಿದಳು. ಆ ಒಂದು ವರ್ಷದಲ್ಲಿ ಭೇದಿ ಮೂರು ಬಾರಿ, ನೆಗಡಿ ಜ್ವರ ಲೆಕ್ಕವಿಲ್ಲದಷ್ಟು, ಆಂಟಿಬಯಾಟಿಕ್ ಐದು ಬಾರಿ. ಅದರಲ್ಲಿ ಎರಡು, ಹಿಂದಿನ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಂಡದ್ದು. ಊಟ ಏನು ಎಂದು ಕೇಳಿದರೆ ಬಿಳಿ ಅನ್ನ, ಬ್ರೆಡ್ಡು, ಬಿಸ್ಕತ್ತು, ಸಂಜೆ ನೂಡಲ್ಸ್. ತರಕಾರಿಯಲ್ಲಿ ಆಲೂಗಡ್ಡೆ ಬಿಟ್ಟರೆ ಬೇರೆಯದು ತಟ್ಟೆಯ ಅಂಚಿಗೆ.

ನಮ್ಮ ದೇಹದಲ್ಲಿ ಎಷ್ಟು ಜೀವಕೋಶಗಳಿವೆಯೋ ಹೆಚ್ಚುಕಡಿಮೆ ಅಷ್ಟೇ ಬ್ಯಾಕ್ಟೀರಿಯಾಗಳಿವೆ. ಬಹುಪಾಲು ದೊಡ್ಡ ಕರುಳಿನಲ್ಲಿ. ನಮಗೆ ಜೀರ್ಣವಾಗದ ನಾರನ್ನು ಅವು ಹುಳಿಯಿಸಿ ಸಣ್ಣ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆಯ ಕೋಶಗಳು ಅದನ್ನೇ ತಿಂದು ಗಟ್ಟಿಯಾಗಿರುತ್ತವೆ. ಗೋಡೆ ಸೋರಿದರೆ, ಒಳಗೆ ಸದಾ ಸಣ್ಣ ಉರಿಯೂತ ಇದ್ದರೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಹತ್ತಿದ್ದೂ ಆ ಉರಿ ಆರಿಸುವುದಕ್ಕೇ ಖರ್ಚಾಗುತ್ತದೆ. ಮೂಳೆ ಬೆಳೆಯುವುದಕ್ಕೆ ಬೇಕಾದ ಹಾರ್ಮೋನಿನ ಸೂಚನೆಗಳೂ ಮಂಕಾಗುತ್ತವೆ. 2016ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು, ಪ್ರೋಟೀನು ಕಡಿಮೆ ತಿಂದು ಸೊರಗಿದ್ದ ಇಲಿಮರಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಮ್ ಎಂಬ ಬ್ಯಾಕ್ಟೀರಿಯಾ ಕೊಟ್ಟಾಗ ಅವು ಆ ಬಡ ಆಹಾರದಲ್ಲೂ ಚೆನ್ನಾಗಿ ಬೆಳೆದವು ಎಂದು ತೋರಿಸಿದರು. ಅದೇ ಜಾತಿಯ ಬ್ಯಾಕ್ಟೀರಿಯಾ ಹುಳಿ ಬಂದ ಹಿಟ್ಟು, ಉಪ್ಪುನೀರಿನ ಉಪ್ಪಿನಕಾಯಿಗಳಲ್ಲಿ ಮಾಮೂಲು.

ಇಲಿಯ ಮಾತು ಇಲಿಗಾಯಿತು. ನನಗೆ ಹೆಚ್ಚು ಹಿಡಿಸಿದ್ದು ಬಾಂಗ್ಲಾದೇಶದ ಢಾಕಾದ ಮೀರ್‌ಪುರ ಕೊಳೆಗೇರಿಯಲ್ಲಿ ನಡೆದ ಕೆಲಸ. ಅಲ್ಲಿನ ವಿಜ್ಞಾನಿ ತಹಮೀದ್ ಅಹ್ಮದ್, ಅಮೆರಿಕದ ವಿಜ್ಞಾನಿ ಜೆಫ್ರಿ ಗಾರ್ಡನ್ ಅವರ ತಂಡ ಸೊರಗಿದ ಮಕ್ಕಳಿಗೆ ಮೂರು ತಿಂಗಳು ಒಂದು ಆಹಾರ ಕೊಟ್ಟಿತು. ಅದರಲ್ಲಿದ್ದದ್ದು ಕಡಲೆಹಿಟ್ಟು, ಸೋಯಾ ಹಿಟ್ಟು, ಕಡಲೆಕಾಯಿ, ಬಾಳೆಕಾಯಿ. ಕರುಳಿನ ಸೊರಗಿದ ಬ್ಯಾಕ್ಟೀರಿಯಾಗಳನ್ನು ಎಬ್ಬಿಸಲೆಂದೇ ಆರಿಸಿದ ಸಾಮಾನು. ಇನ್ನೊಂದು ಗುಂಪಿಗೆ ಕೊಟ್ಟ ಮಾಮೂಲಿ ಪೌಷ್ಟಿಕ ಆಹಾರದಲ್ಲಿ ಕ್ಯಾಲೊರಿ ಇದಕ್ಕಿಂತ ಹೆಚ್ಚಿತ್ತು. ಆದರೂ ತೂಕ ಚೆನ್ನಾಗಿ ಏರಿದ್ದು ಕಡಲೆ, ಬಾಳೆಕಾಯಿ ತಿಂದವರಿಗೆ. ಫಲಿತಾಂಶ 2021ರಲ್ಲಿ ಬಂತು. ಆ ಮಕ್ಕಳು ಒಂದರಿಂದ ಒಂದೂವರೆ ವರ್ಷದವರು, ನಾನು ಮಾತನಾಡುತ್ತಿರುವುದು ಎಂಟು ಹತ್ತು ವರ್ಷದವರ ವಿಷಯ. ಅದನ್ನು ಇದಕ್ಕೆ ನೇರವಾಗಿ ಅಂಟಿಸಲಾಗದು. ಆದರೂ ಬಾಳೆಕಾಯಿ ಪಲ್ಯ ಮಾಡಿ ನಷ್ಟವಾದವರನ್ನು ನಾನು ನೋಡಿಲ್ಲ.

ಮೂರು ವರ್ಷಕ್ಕೆ ಮಗುವಿನ ಕರುಳಿನ ಬ್ಯಾಕ್ಟೀರಿಯಾಗಳು ದೊಡ್ಡವರ ಹಾಗೆ ಆಗಿಬಿಡುತ್ತವೆ ಎಂದು ಮೊದಲು ತಿಳಿದಿದ್ದರು. ಶಾಲೆಯ ವಯಸ್ಸಿನಲ್ಲೂ ಅವು ಪೂರ್ತಿ ನೆಲೆಗೊಂಡಿರುವುದಿಲ್ಲ ಎನ್ನುವುದು ಈಗ ಗೊತ್ತು. ಎಂದರೆ ಹತ್ತು ವರ್ಷದವನ ತಟ್ಟೆ ಬದಲಿಸುವುದಕ್ಕೆ ಹೊತ್ತು ಮೀರಿಲ್ಲ.

ತಟ್ಟೆ

ನಾರಿನ ಲೆಕ್ಕಕ್ಕೆ ಸುಲಭ ಸೂತ್ರವಿದೆ. ಮಗುವಿನ ವಯಸ್ಸಿಗೆ ಐದು ಸೇರಿಸಿದರೆ ದಿನಕ್ಕೆ ಬೇಕಾದ ನಾರು ಗ್ರಾಂಗಳಲ್ಲಿ. ಹತ್ತು ವರ್ಷದವನಿಗೆ ಹದಿನೈದು. ನೂರು ಗ್ರಾಂ ರಾಗಿಯಲ್ಲಿ ಹನ್ನೊಂದು ಗ್ರಾಂ ನಾರಿದೆ, ಜೊತೆಗೆ ಮುನ್ನೂರು ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ. ಒಂದು ಸಣ್ಣ ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದು ಸೀಬೆಹಣ್ಣು, ಇಷ್ಟಾದರೆ ಹದಿನೈದು ಮುಟ್ಟಿದ ಹಾಗೆಯೇ.

ಒಂದೇ ವಾರದಲ್ಲಿ ಎಲ್ಲವನ್ನೂ ತುರುಕಬೇಡಿ. ಬ್ರೆಡ್ಡು ತಿಂದು ರೂಢಿಯಾದ ಹೊಟ್ಟೆಗೆ ಹುರುಳಿ ಬಿದ್ದರೆ ಉಬ್ಬರಿಸಿ, ಗುಡುಗಿ, ಹುಡುಗ ಶಾಲೆಯಲ್ಲಿ ನಗೆಪಾಟಲಾಗಿ, ಮತ್ತೆ ಅದನ್ನು ಜನ್ಮದಲ್ಲಿ ಮುಟ್ಟುವುದಿಲ್ಲ. ಮೊದಲ ವಾರ ಎರಡು ಚಮಚ ಮೊಳಕೆ ಹೆಸರುಕಾಳು, ಬೇಯಿಸಿದ್ದು. ಎರಡನೇ ವಾರ ನಾಲ್ಕು. ಹುರುಳಿ, ಅವರೆ ಮೂರನೆಯ ವಾರದಲ್ಲಿ. ಕಾಳು ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ವಾಯು ಕಡಿಮೆ. ಬಗೆಬಗೆಯ ಕಾಳು, ಸೊಪ್ಪು ತಿರುಗಿಸಿ ತಿರುಗಿಸಿ ಕೊಡಿ. ಒಂದೊಂದು ಬ್ಯಾಕ್ಟೀರಿಯಾಕ್ಕೆ ಒಂದೊಂದು ನಾರು ಇಷ್ಟ.

ಅಂಬಲಿಯನ್ನು ನನ್ನ ಹೆಂಡತಿ ಮಾಡುವ ಕ್ರಮ ಹೀಗೆ. ರಾತ್ರಿ ಮಲಗುವ ಮುಂಚೆ ಮೂರು ಚಮಚ ರಾಗಿಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದೆ ಕಲಸಿ, ಮುಚ್ಚಿ ಹೊರಗಿಡುತ್ತಾಳೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೂಗಿಗೆ ತೆಳುವಾದ ಹುಳಿ ಬಡಿಯಬೇಕು. ಬಡಿಯದಿದ್ದರೆ ಚಳಿಗಾಲ, ಇನ್ನೂ ಮೂರು ಗಂಟೆ ಬಿಡಬೇಕು. ಎರಡು ಲೋಟ ನೀರು ಕುದಿಯಲು ಇಟ್ಟು, ಉಕ್ಕು ಬಂದಾಗ ಹಿಟ್ಟನ್ನು ತಳದಿಂದ ಕದಡಿ, ಒಂದು ಕೈಯಲ್ಲಿ ಹುಯ್ಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಹೋಗಬೇಕು. ಮೊದಲು ಕಂದು ನೀರು, ಆಮೇಲೆ ‘ಲೊಚಕ್ ಲೊಚಕ್’ ಎಂದು ಗುಳ್ಳೆ ಒಡೆಯುತ್ತದೆ, ಮೇಲ್ಮೈಗೆ ಹೊಳಪು ಬರುತ್ತದೆ. ಏಳೆಂಟು ನಿಮಿಷ. ಇಳಿಸಿ, ಪೂರ್ತಿ ಆರಿಸಬೇಕು. ಬೆರಳು ಅದ್ದಿದರೆ ಬಿಸಿಯೇ ತಿಳಿಯಬಾರದು. ಆಗ ಒಂದು ಲೋಟ ಮಜ್ಜಿಗೆ, ಉಪ್ಪು, ಹೆಚ್ಚಿದ ಸಣ್ಣ ಈರುಳ್ಳಿ.

ಆರಿಸಬೇಕು ಎಂದು ಒತ್ತಿ ಹೇಳುವುದು ಇದಕ್ಕೆ: ರಾತ್ರಿ ಹುಳಿಯಿಸಿದ ಬ್ಯಾಕ್ಟೀರಿಯಾ ಕುದಿಯುವಾಗ ಸತ್ತುಹೋಗುತ್ತದೆ. ಇಡ್ಲಿಯ ಕಥೆಯೂ ಅದೇ. ‘ಇಡ್ಲಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇದೆ’ ಎನ್ನುವವರು ಹಬೆಯನ್ನು ಮರೆತಿರುತ್ತಾರೆ. ಹುಳಿಯಿಸಿದ್ದರ ಲಾಭ ಬೇರೆ. ಧಾನ್ಯದಲ್ಲಿ ಕಬ್ಬಿಣ, ಸತುವನ್ನು ಬಿಗಿಹಿಡಿದಿರುವ ಫೈಟೇಟ್ ಕಡಿಮೆಯಾಗಿ, ಅವು ಮೈಗೆ ಸೇರುತ್ತವೆ. ಜೀವಂತ ಬ್ಯಾಕ್ಟೀರಿಯಾ ಬರುವುದು ಕೊನೆಯಲ್ಲಿ ಹಾಕುವ ಮಜ್ಜಿಗೆಯಿಂದ. ಬಿಸಿಗೆ ಸುರಿದರೆ ಮಜ್ಜಿಗೆ ಒಡೆಯುತ್ತದೆ, ಅವೂ ಸಾಯುತ್ತವೆ.

ಒಂದು ಎಚ್ಚರಿಕೆ. ಅಂಬಲಿ ನೀರು ನೀರು, ಹೊಟ್ಟೆ ತುಂಬಿಸಿ ಊಟ ತಪ್ಪಿಸುತ್ತದೆ. ಸಣಕಲು ಮಗುವಿಗೆ ಅದನ್ನು ಊಟದ ಬದಲಿಗೆ ಕೊಡಬಾರದು, ಊಟಗಳ ನಡುವೆ ಕೊಡಬೇಕು. ಬ್ಯಾಕ್ಟೀರಿಯಾ ಎಷ್ಟೇ ಒಳ್ಳೆಯದಿರಲಿ, ಮೂಳೆ ಮಾಂಸಕ್ಕೆ ಮೊಟ್ಟೆ, ಹಾಲು, ಮೊಸರು, ಬೇಳೆಯೇ ಬೇಕು. ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ನಿಮ್ಮ ಮಗು ತಿನ್ನುತ್ತಿದೆಯೇ, ಪಕ್ಕದವನಿಗೆ ದಾಟಿಸುತ್ತಿದೆಯೇ ಎಂದು ವಿಚಾರಿಸಿ. ಎತ್ತರ ಬೆಳೆಸುವ ಪೌಡರ್ ಡಬ್ಬಿ ಕೊಳ್ಳುವ ಮುಂಚೆ ಹಿಂಬದಿ ತಿರುಗಿಸಿ ಸಕ್ಕರೆ ಎಷ್ಟಿದೆ ಓದಿ. ಒಳ್ಳೆಯ ಬ್ಯಾಕ್ಟೀರಿಯಾ ಇದೆ ಎಂದು ಮಾರುವ, ಪುಟ್ಟ ಸೀಸೆಯ ಸಿಹಿ ‘ಪ್ರೊಬಯಾಟಿಕ್’ ಪಾನೀಯಕ್ಕೂ ಅದೇ ಪರೀಕ್ಷೆ. ಮನೆಯ ಹೆಪ್ಪಿನ ಮೊಸರಿಗೆ ಲೇಬಲ್ಲೇ ಇಲ್ಲ, ಓದುವ ಶ್ರಮವೂ ಇಲ್ಲ.

ತಡೆಯಬೇಕಾದದ್ದು

ನೆಗಡಿ, ಸಾಮಾನ್ಯ ಗಂಟಲು ಕೆರೆತ ಬಹುತೇಕ ವೈರಸ್ಸಿನದು, ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ; ಕರುಳಿನಲ್ಲಿ ತಮ್ಮ ಪಾಡಿಗೆ ಬಾಳುತ್ತಿದ್ದ ಬ್ಯಾಕ್ಟೀರಿಯಾಗಳನ್ನು ಮಾತ್ರ ಒಕ್ಕಲೆಬ್ಬಿಸುತ್ತದೆ. ವೈದ್ಯರು ನೋಡಿ ಬರೆದರೆ ಹೇಳಿದಷ್ಟು ದಿನ ಕೊಡಿ, ನಡುವೆ ನಿಲ್ಲಿಸಬೇಡಿ. ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗಬೇಡಿ. ಭೇದಿಯಾದರೆ ಮೊದಲು ಓಆರ್‌ಎಸ್, ದೊಡ್ಡ ಪೊಟ್ಟಣ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧ ಪೊಟ್ಟಣ ಅರ್ಧ ಲೋಟಕ್ಕೆ ಎಂಬ ಅಂದಾಜು ಬೇಡ.

ಜಂತುಹುಳುವಿನ ಮಾತ್ರೆ, ಆಲ್ಬೆಂಡಜೋಲ್ 400 ಮಿಲಿಗ್ರಾಂ, 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಉಚಿತವಾಗಿ ಕೊಡುತ್ತಾರೆ. ರಾಷ್ಟ್ರೀಯ ದಿನ ಫೆಬ್ರವರಿ 10, ಆಗಸ್ಟ್ 10. 19 ವರ್ಷದವರೆಗೂ ಉಂಟು. ಅಗಿದು ನುಂಗಬೇಕು. ಆ ದಿನ ಮಗುವಿಗೆ ರಜೆ ಹಾಕಿಸುವ ತಾಯಂದಿರನ್ನು ನಾನು ಕಂಡಿದ್ದೇನೆ, ಮಾತ್ರೆ ‘ಹೀಟ್’ ಎಂದು. ಹುಳು ತಿನ್ನುವುದು ನೀವು ಇಟ್ಟ ಊಟವನ್ನೇ.

ಇನ್ನು ಯಾರೂ ಬರೆಯದ ಒಂದು ಸಂಗತಿ, ಶಾಲೆಯ ಶೌಚಾಲಯ. ಐದನೇ ತರಗತಿ ದಾಟಿದ ಮಕ್ಕಳು, ಹೆಣ್ಣುಮಕ್ಕಳಂತೂ, ಅಲ್ಲಿಗೆ ಹೋಗುವುದು ತಪ್ಪಲೆಂದು ಬೆಳಗಿನಿಂದ ನೀರು ಕುಡಿಯುವುದಿಲ್ಲ. ಆಟದ ಪೀರಿಯಡ್ಡಿನಲ್ಲಿ ಓಡಿಸಿದರೆ ತುಟಿ ಒಣಗಿ ಕೂರುತ್ತಿದ್ದರು. ನನಗೆ ಕಾರಣ ತಿಳಿಯಲು ಹತ್ತು ವರ್ಷ ಬೇಕಾಯಿತು. ಮಲವನ್ನೂ ತಡೆಹಿಡಿಯುತ್ತಾರೆ. ಮಲ ಕಟ್ಟಿದ ಹೊಟ್ಟೆಗೆ ಹಸಿವಿರುವುದಿಲ್ಲ. ಹಸಿವಿಲ್ಲದ ಮಗು ತಟ್ಟೆ ತಳ್ಳುತ್ತದೆ, ನೀವು ಹಟ ಎಂದು ಬೈಯುತ್ತೀರಿ. ಹತ್ತು ವರ್ಷದವರು ಇದನ್ನು ತಾವಾಗಿ ಹೇಳುವುದಿಲ್ಲ. ಅರ್ಧ ಗಂಟೆ ಮೊದಲು ಎಬ್ಬಿಸಿ, ಬಿಸಿನೀರು, ತಿಂಡಿ ಕೊಟ್ಟು, ಅವಸರವಿಲ್ಲದೆ ಕೂರಲು ಬಿಡಿ. ತಿಂಡಿಯ ನಂತರವೇ ಕರುಳಿಗೆ ಚಾಲನೆ ಬರುತ್ತದೆ. ನಾರು ಹೆಚ್ಚಿಸಿದ ಮೇಲೆ ನೀರು ಹೆಚ್ಚಿಸದಿದ್ದರೆ ಕಟ್ಟುವುದು ಇನ್ನೂ ಜಾಸ್ತಿ.

ವೈದ್ಯರ ಹತ್ತಿರ

ಪ್ರೌಢಾವಸ್ಥೆಗೆ ಮುಂಚಿನ ಮಗು ವರ್ಷಕ್ಕೆ ನಾಲ್ಕು ಸೆಂಟಿಮೀಟರ್‌ಗಿಂತ ಕಡಿಮೆ ಬೆಳೆದರೆ, ಎತ್ತರ 3ರ ಗೆರೆಯ ಕೆಳಗಿದ್ದರೆ, ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಭೇದಿ ಎರಡು ವಾರ ಮೀರಿದರೆ ಅಂಬಲಿ ಕುಡಿಸುತ್ತಾ ಕಾಯಬೇಡಿ. ಥೈರಾಯ್ಡ್ ಕೊರತೆ ಇರಬಹುದು. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇರಬಹುದು. ಕೆಲವು ಮಕ್ಕಳಲ್ಲಿ ಎತ್ತರ ನಿಲ್ಲುವುದೊಂದೇ ಅದರ ಗುರುತು, ರಕ್ತಪರೀಕ್ಷೆಗೆ ಮುಂಚೆ ಗೋಧಿ ಬಿಡಿಸಿದರೆ ಪತ್ತೆಯೂ ಆಗದು. ಹುಡುಗಿಯರಲ್ಲಿ ಎಂಟು ವರ್ಷಕ್ಕೆ ಮೊದಲು, ಹುಡುಗರಲ್ಲಿ ಒಂಬತ್ತಕ್ಕೆ ಮೊದಲು ಪ್ರೌಢಾವಸ್ಥೆಯ ಗುರುತು ಕಂಡರೂ ತೋರಿಸಬೇಕು. ಆಗ ಮಗು ದಿಢೀರನೆ ಉದ್ದವಾಗುತ್ತದೆ, ಮನೆಯವರು ಹಿಗ್ಗುತ್ತಾರೆ, ಆಮೇಲೆ ಬೇಗ ನಿಂತುಬಿಡುತ್ತದೆ.

ಮೊಮ್ಮಗನಿಗೆ ಥೈರಾಯ್ಡ್ ಸರಿಯಿತ್ತು, ಸೀಲಿಯಾಕ್ ಇರಲಿಲ್ಲ, ರಕ್ತ ಕಡಿಮೆಯಿತ್ತು. ಕಬ್ಬಿಣದ ಮಾತ್ರೆ, ಹುಳುವಿನ ಮಾತ್ರೆ ಬರೆದರು. ಊಟ ಬದಲಿಸಲು ಹೇಳಿದರು. ಹನ್ನೊಂದು ತುಂಬಿದ ದಿನ 135 ಇದ್ದ, ವರ್ಷಕ್ಕೆ 5.8. ಮಗಳು ಅಂಬಲಿಯಿಂದ ಎನ್ನುತ್ತಾಳೆ. ಕಬ್ಬಿಣದಿಂದ ಇರಬಹುದು, ಆ ವರ್ಷ ಒಂದೂ ಭೇದಿ ಬಾರದಿದ್ದರಿಂದ ಇರಬಹುದು, ಒಬ್ಬ ಹುಡುಗನ ಲೆಕ್ಕದಲ್ಲಿ ಅದನ್ನು ಬಿಡಿಸುವುದು ಸಾಧ್ಯವಿಲ್ಲ ಎಂದು ನಾನು ಹೇಳುತ್ತೇನೆ. ಹೇಳಿ, ಲೋಟ ಮುಂದೆ ಹಿಡಿಯುತ್ತೇನೆ.

ಆಸ್ಪತ್ರೆಗೆ ಹೋಗುವಾಗ ಅಳತೆಯ ಪುಸ್ತಕ ಜೊತೆಗಿರಲಿ, ಫೋಟೊ ಅಲ್ಲ, ಪುಸ್ತಕವೇ. ನನ್ನದನ್ನು ವೈದ್ಯರು ಕೊನೆಯ ಪುಟದಿಂದ ಹಿಂದಕ್ಕೆ ನಿಧಾನವಾಗಿ ತಿರುಗಿಸಿದರು. ಎಂಟೂವರೆ ವರ್ಷದ ಸಾಲಿನಲ್ಲಿ ಅಳೆದ ಹೊತ್ತು ಬರೆದಿರಲಿಲ್ಲ. ಬೆಳಿಗ್ಗೆಯೋ ಸಂಜೆಯೋ ಎಂದು ಕೇಳಿದರು. ನೆನಪಿಲ್ಲ ಎಂದೆ. ಪೆನ್ನು ತೆಗೆದು ಆ ಸಾಲಿಗೆ ಅಡ್ಡಗೆರೆ ಎಳೆದರು.